ಪವಿತ್ರಾತ್ಮನ ಮಾತು, ಪಂಡಿತರ ಪ್ರಶ್ನೆ

ಪೆಂಟಕೋಸ್ಟಲ್ ಪಂಥ ಕ್ರೈಸ್ತ ಧರ್ಮದ ಕಿರಿಯ ಶಾಖೆಗಳಲ್ಲೊಂದು. ಅದು ಹುಟ್ಟಿ ನೂರಿಪ್ಪತ್ತು ವರ್ಷ ದಾಟಿದೆ, ಅಷ್ಟೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2011ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಸುಮಾರು 27.9 ಕೋಟಿ ಪೆಂಟಕೋಸ್ಟಲರಿದ್ದರು. ಹಳೆಯ ಸಭೆಗಳಲ್ಲಿಯೇ ಉಳಿದು ಅದೇ ರೀತಿಯ ಆರಾಧನೆ ನಡೆಸುವ ಇನ್ನೂ 30.5 ಕೋಟಿ ಜನ ಇದ್ದರು. ಈ ಪಂಥದ ಮೂಲ ನಂಬಿಕೆಯನ್ನು ಒಂದೇ ಮಾತಿನಲ್ಲಿ ಹೇಳಬಹುದು: ಬೈಬಲ್ಲಿನ ‘ಅಪೊಸ್ತಲರ ಕೃತ್ಯಗಳು’ ಹೇಳುವ ಸಂಗತಿಗಳು ಇಂದೂ ನಡೆಯುತ್ತವೆ. ಪಂಚಾಶತ್ತಮ ದಿನದಲ್ಲಿ ಜೆರೂಸಲೇಮಿನ ಶಿಷ್ಯರ ಮೇಲೆ ಇಳಿದ ಪವಿತ್ರಾತ್ಮ ಇಂದಿನ ವಿಶ್ವಾಸಿಯ ಮೇಲೂ ಇಳಿಯುತ್ತಾನೆ. ಅವರು ಅನ್ಯಭಾಷೆಗಳಲ್ಲಿ ಮಾತನಾಡಿದಂತೆ ಇವರೂ ಮಾತನಾಡುತ್ತಾರೆ. ಅವರ ಪ್ರಾರ್ಥನೆಯಿಂದ ರೋಗಿಗಳು ಗುಣವಾದಂತೆ ಇಂದೂ ಗುಣವಾಗುತ್ತಾರೆ.

ವಿದ್ವತ್ತಿನೊಡನೆ ಈ ನಂಬಿಕೆಗೆ ಆಗಾಗ ತಿಕ್ಕಾಟ ಏಳುವುದಕ್ಕೆ ಕಾರಣ ಇಲ್ಲಿಯೇ ಇದೆ. ದೇವರು ಒಳ್ಳೆಯವನು ಎಂಬ ಮಾತನ್ನು ಯಾವ ಪ್ರಯೋಗಾಲಯವೂ ಪರೀಕ್ಷಿಸಲಾರದು. ಆದರೆ ಈ ಬಾಯಿಂದ ಈಗ ಹೊರಟದ್ದು ಒಂದು ಭಾಷೆ ಎಂದರೆ ಭಾಷಾವಿಜ್ಞಾನಿ ಕಿವಿಗೊಡುತ್ತಾನೆ. ಈ ವಚನವನ್ನು ಮಾರ್ಕನೇ ಬರೆದ ಎಂದರೆ ಹಸ್ತಪ್ರತಿ ತಜ್ಞ ಓಲೆಗಳನ್ನು ತೆಗೆದು ನೋಡುತ್ತಾನೆ. ಈ ಕಿವುಡ ಪ್ರಾರ್ಥನೆಯಿಂದ ಕೇಳಿಸಿಕೊಂಡ ಎಂದರೆ ವೈದ್ಯ ಅಳತೆ ಕೇಳುತ್ತಾನೆ. ಪೆಂಟಕೋಸ್ಟಲ್ ನಂಬಿಕೆ ತನ್ನನ್ನು ಮನಸ್ಸಿನ ಒಳಕೋಣೆಯಲ್ಲಿ ಬಚ್ಚಿಟ್ಟುಕೊಂಡಿಲ್ಲ. ಕಾಣುವ, ಕೇಳುವ, ಎಣಿಸುವ ಜಗತ್ತಿನಲ್ಲಿಯೇ ಅದು ತನ್ನ ಸಾಕ್ಷಿ ಹೇಳುತ್ತದೆ. ಇದು ಅದರ ಧೈರ್ಯ. ಪಂಡಿತರ ಪ್ರಶ್ನೆಗೆ ಅದು ಇಷ್ಟು ಹತ್ತಿರ ಸಿಗುವುದೂ ಇದರಿಂದಲೇ.

ಈ ಚಳವಳಿಗೆ ಓದಿನ ಮೇಲಿದ್ದ ಅನುಮಾನಕ್ಕೆ ಒಂದು ಹಿನ್ನೆಲೆಯಿದೆ. 19ನೆಯ ಶತಮಾನದ ಕೊನೆಗೆ ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಬೈಬಲ್ಲನ್ನು ಇತರ ಪ್ರಾಚೀನ ಗ್ರಂಥಗಳಂತೆಯೇ ಬಿಡಿಸಿ ನೋಡುವ ಪದ್ಧತಿ ಬೆಳೆದಿತ್ತು. ಮೋಶೆಯ ಐದು ಗ್ರಂಥಗಳು ಬೇರೆ ಬೇರೆ ಕಾಲದ ಆಕರಗಳಿಂದ ಹೆಣೆದವು ಎಂಬ ಯೂಲಿಯಸ್ ವೆಲ್‌ಹೌಸನ್ ಅವರ ವಾದ ಅಮೆರಿಕದ ಸೆಮಿನರಿಗಳನ್ನೂ ಮುಟ್ಟಿತು. ಪವಾಡಗಳನ್ನು ಅಂದಿನ ಜನರ ಕಲ್ಪನೆ ಎಂದು ಪಕ್ಕಕ್ಕಿಡುವುದು ಅಲ್ಲಿ ರೂಢಿಯಾಯಿತು. ಹತ್ತಿ ಹೊಲಗಳಲ್ಲಿ, ಗಿರಣಿಗಳಲ್ಲಿ, ಪರರ ಮನೆಗಳಲ್ಲಿ ದುಡಿಯುತ್ತಿದ್ದ ಬಡ ವಿಶ್ವಾಸಿಗಳಿಗೆ ತಮ್ಮ ಏಕೈಕ ಆಸರೆಯಾದ ಗ್ರಂಥವನ್ನು ಓದಿದವರು ಕಸಿದುಕೊಳ್ಳುತ್ತಿದ್ದಾರೆ ಎನ್ನಿಸಿದ್ದು ಸಹಜವೇ. ಅಕ್ಷರ ಕೊಲ್ಲುತ್ತದೆ, ಆತ್ಮ ಬದುಕಿಸುತ್ತದೆ ಎಂಬ ಅರ್ಥದ ಪೌಲನ ಮಾತು ಆ ಸಭೆಗಳಲ್ಲಿ ಕಾಲೇಜು ಓದಿನ ವಿರುದ್ಧದ ವಾದವಾಗಿ ಬಳಕೆಗೆ ಬಂತು.

ಹಾಗಿದ್ದೂ ಈ ಪಂಥದ ಮೊದಲ ಪ್ರಸಿದ್ಧ ಘಟನೆ ನಡೆದದ್ದು ಒಂದು ಪಾಠಶಾಲೆಯಲ್ಲಿ. ಕಾನ್ಸಾಸ್ ರಾಜ್ಯದ ಟೊಪೀಕಾದಲ್ಲಿ ಚಾರ್ಲ್ಸ್ ಪಾರ್ಹಮ್ 1900ರಲ್ಲಿ ಬೆತೆಲ್ ಬೈಬಲ್ ಶಾಲೆ ತೆರೆದರು. ಪವಿತ್ರಾತ್ಮ ದೀಕ್ಷಾಸ್ನಾನ, ಎಂದರೆ ವಿಶ್ವಾಸಿಯ ಮೇಲೆ ಆತ್ಮ ಇಳಿಯುವ ಅನುಭವ, ಆಯಿತೆನ್ನುವುದಕ್ಕೆ ಬೈಬಲ್ ಕೊಡುವ ಗುರುತು ಯಾವುದು ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದಿಟ್ಟರು. ಅನ್ಯಭಾಷೆಯೇ ಆ ಗುರುತು ಎಂದು ಎಲ್ಲರೂ ಒಮ್ಮತದಿಂದ ಉತ್ತರ ಕೊಟ್ಟರೆಂದು ಪಾರ್ಹಮ್ ಹೇಳುತ್ತಾರೆ. 1901ರ ಜನವರಿ 1ರಂದು ಆಗ್ನೆಸ್ ಓಜ್ಮನ್ ಎಂಬ ವಿದ್ಯಾರ್ಥಿನಿ ಅನ್ಯಭಾಷೆಯಲ್ಲಿ ಮಾತನಾಡಿದರು. ಇಲ್ಲಿ ಇತಿಹಾಸಕಾರರು ಒಂದು ತೊಡಕನ್ನು ಕಂಡಿದ್ದಾರೆ. ಆ ಅನುಭವ ಆಗುವ ಮೊದಲು ಅನ್ಯಭಾಷೆಯೇ ಗುರುತೆಂದು ತನಗೆ ತಿಳಿದಿರಲಿಲ್ಲ ಎಂದು ಓಜ್ಮನ್ ಸ್ವತಃ ಮುಂದೆ ಬರೆದರು. ಗುರುವಿನ ಕಥನದಲ್ಲಿ ಓದು ಮೊದಲು, ಅನುಭವ ನಂತರ. ಶಿಷ್ಯೆಯ ಕಥನದಲ್ಲಿ ಅನುಭವ ಮೊದಲು, ಓದು ನಂತರ. ಚಳವಳಿ ಮುಂದೆ ಎದುರಿಸಿದ ದೊಡ್ಡ ಪ್ರಶ್ನೆಯೆಲ್ಲ ಈ ಎರಡು ಕಥನಗಳ ನಡುವಿನ ಅಂತರದಲ್ಲಿ ಅಡಗಿದೆ.

ಅನ್ಯಭಾಷೆ ಎಂದರೆ ಪಾರ್ಹಮ್ ಅವರ ಮಟ್ಟಿಗೆ ನಿಜವಾದ ವಿದೇಶಿ ಭಾಷೆ. ಓಜ್ಮನ್ ಆಡಿದ್ದು ಚೀನೀ ಭಾಷೆ ಎಂದು ಅವರು ನಂಬಿದರು. ಲೋಕದ ಅಂತ್ಯ ಹತ್ತಿರವಾಗಿದೆ, ವರ್ಷಗಟ್ಟಲೆ ವ್ಯಾಕರಣ ಕಲಿಯುತ್ತ ಕೂರುವುದಕ್ಕೆ ಸಮಯವಿಲ್ಲ, ಆದ್ದರಿಂದ ದೇವರೇ ಮಿಷನರಿಗಳ ಬಾಯಲ್ಲಿ ಪರದೇಶದ ನುಡಿಯನ್ನು ಇಡುತ್ತಾನೆ ಎಂಬುದು ಅವರ ಬೋಧನೆ. ಗುಲಾಮರಾಗಿದ್ದ ತಂದೆತಾಯಿಗಳ ಮಗ ವಿಲಿಯಂ ಸೀಮೋರ್ ಹ್ಯೂಸ್ಟನ್ನಿನಲ್ಲಿ ಈ ಪಾಠ ಕೇಳಿದರು. ವರ್ಣಭೇದದ ಕಟ್ಟಳೆಯಿಂದಾಗಿ ತರಗತಿಯ ಬಾಗಿಲಾಚೆ ಕುಳಿತೇ ಕೇಳಬೇಕಾಯಿತು. ಅವರು 1906ರ ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯ 312ನೆಯ ನಂಬರಿನ ಹಳೆಯ ಕಟ್ಟಡದಲ್ಲಿ ಆರಂಭಿಸಿದ ಕೂಟಗಳಿಂದ ಚಳವಳಿ ಜಗತ್ತಿನೆಲ್ಲೆಡೆ ಹರಡಿತು.

ಆ ಕೂಟಗಳಲ್ಲಿ ಅನುಭವ ಪಡೆದ ಪಾಸ್ಟರ್ ಆಲ್ಫ್ರೆಡ್ ಗಾರ್ ತಮಗೆ ಬಂಗಾಳಿ ಭಾಷೆ ದೊರಕಿದೆ ಎಂದು ನಂಬಿ ಪತ್ನಿ ಲಿಲಿಯನ್ ಜೊತೆ ಕಲ್ಕತ್ತೆಗೆ ಹಡಗು ಹತ್ತಿದರು. 1907ರ ಆರಂಭದ ಹೊತ್ತಿಗೆ ಅಲ್ಲಿದ್ದರು. ಅವರ ಮಾತು ಅಲ್ಲಿನ ಜನರಿಗೆ ಅರ್ಥವಾಗಲಿಲ್ಲ. ಮುಂದೆ ಹಾಂಗ್‌ಕಾಂಗಿಗೆ ಹೋದಾಗ ಮೋಕ್ ಲಾಯ್ ಚಿ ಎಂಬ ಸ್ಥಳೀಯ ವಿದ್ಯಾವಂತರು ಅವರ ಬೋಧನೆಯನ್ನು ಚೀನೀ ಭಾಷೆಗೆ ತಿರುಗಿಸಿ ಹೇಳಬೇಕಾಯಿತು. ಗಾರ್ ಇದರಿಂದ ನಂಬಿಕೆ ಕಳೆದುಕೊಳ್ಳಲಿಲ್ಲ, ಸೋಲನ್ನು ಮುಚ್ಚಿಡಲೂ ಇಲ್ಲ. ಅನ್ಯಭಾಷೆ ಬೋಧನೆಗೆ ಕೊಟ್ಟ ಸಾಧನವಲ್ಲ, ವಿಶ್ವಾಸಿ ದೇವರೊಡನೆ ಆಡುವ ಪ್ರಾರ್ಥನೆಯ ಮಾತು ಎಂದು ಅದರ ಅರ್ಥವನ್ನು ತಿದ್ದಿಕೊಂಡರು. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 14ನೆಯ ಅಧ್ಯಾಯದಲ್ಲಿ ಪೌಲ ಹೇಳುವುದೂ ಬಹುಮಟ್ಟಿಗೆ ಇದನ್ನೇ. ಕೆಲವೇ ವರ್ಷಗಳಲ್ಲಿ ಹೆಚ್ಚಿನ ಸಭೆಗಳು ಈ ಅರ್ಥಕ್ಕೆ ಬಂದವು. ಪಾರ್ಹಮ್ ಮಾತ್ರ 1929ರಲ್ಲಿ ಸಾಯುವವರೆಗೂ ಹಳೆಯ ಅರ್ಥವನ್ನೇ ಹಿಡಿದಿದ್ದರು. ಪೆಂಟಕೋಸ್ಟಲ್ ಇತಿಹಾಸದಲ್ಲಿ ಇಷ್ಟು ಮಹತ್ವದ ಪ್ರಸಂಗ ಇನ್ನೊಂದು ಸಿಗುವುದು ಕಷ್ಟ. ಯಾವ ಪ್ರಾಧ್ಯಾಪಕನೂ ಬಾಯಿ ತೆರೆಯುವ ಮೊದಲೇ ಕಲ್ಕತ್ತೆಯ ಕೇಳುಗರು ಆ ಸಿದ್ಧಾಂತವನ್ನು ಪರೀಕ್ಷಿಸಿದ್ದರು, ಸಿದ್ಧಾಂತವೂ ಬದಲಾಗಿತ್ತು. ಈ ನಂಬಿಕೆ ಸತ್ಯಾಂಶಕ್ಕೆ ಕಿವುಡು ಎಂದು ಹೇಳುವವರು ಈ ಪ್ರಸಂಗವನ್ನು ಓದಿಲ್ಲ.

ವಿದ್ವಾಂಸರ ಸರದಿ ಆಮೇಲೆ ಬಂತು, ಮೊದಮೊದಲು ಅದು ಚೆನ್ನಾಗಿ ನಡೆಯಲಿಲ್ಲ. 1927ರಲ್ಲಿ ಜಾರ್ಜ್ ಕಟನ್ ಬರೆದ ಮನಃಶಾಸ್ತ್ರದ ಪುಸ್ತಕ ಅನ್ಯಭಾಷೆಯನ್ನು ಮನೋವಿಕಾರದ ಪಕ್ಕದಲ್ಲಿಟ್ಟು, ಬುದ್ಧಿ ಬೆಳೆಯದವರ ಲಕ್ಷಣ ಎನ್ನುವ ಮಟ್ಟಕ್ಕೆ ಇಳಿಸಿತು. ಮುಂದಿನ ಹಲವು ದಶಕಗಳ ಬರಹಗಳು ಇದನ್ನೇ ಉರುಹಾಕಿದವು. ಈ ತೀರ್ಮಾನದ ಹಿಂದೆ ಅಧ್ಯಯನಕ್ಕಿಂತ ಬಡವರ ಬಗೆಗಿನ ತಾತ್ಸಾರವೇ ಹೆಚ್ಚಾಗಿತ್ತು. 1972ರಲ್ಲಿ ವಿಲಿಯಂ ಸಮರಿನ್ ಪ್ರಕಟಿಸಿದ ಗ್ರಂಥ ಚಿತ್ರವನ್ನು ಬದಲಿಸಿತು. ಅವರು ಮಧ್ಯ ಆಫ್ರಿಕದಲ್ಲಿ ಮಿಷನರಿಯಾಗಿದ್ದು ಅಲ್ಲಿನ ಸಾಂಗೋ ಭಾಷೆಯನ್ನು ಆಳವಾಗಿ ಅಭ್ಯಾಸ ಮಾಡಿದ ಭಾಷಾವಿಜ್ಞಾನಿ. ಅನೇಕ ಸಭೆಗಳ ಅನ್ಯಭಾಷೆಯನ್ನು ಕೇಳಿ, ಧ್ವನಿಗಳನ್ನು ವಿಶ್ಲೇಷಿಸಿ ಅವರು ಎರಡು ಮಾತು ಹೇಳಿದರು. ಮೊದಲನೆಯದು: ಅದು ಭಾಷೆಯಲ್ಲ. ಆಡುವವರ ತಾಯ್ನುಡಿಯ ಧ್ವನಿಗಳೇ ಸರಳವಾದ ಅಕ್ಷರಗಳಾಗಿ ಮರುಕಳಿಸುತ್ತವೆ. ಏರಿಳಿತವಿದೆ, ಲಯವಿದೆ, ಆದರೆ ಪದಕ್ಕೂ ಅರ್ಥಕ್ಕೂ ನಂಟು ಬೆಸೆಯುವ ವ್ಯಾಕರಣವಿಲ್ಲ. ಎರಡನೆಯದು: ಅದು ರೋಗವೂ ಅಲ್ಲ. ಪೂರ್ಣ ಸ್ವಸ್ಥರಾದ, ಸಮಚಿತ್ತದ ಜನ ಅದನ್ನು ಆಡುತ್ತಾರೆ, ಆಡುವವರಿಗೆ ಅದು ಅರ್ಥಪೂರ್ಣ ಧಾರ್ಮಿಕ ಕ್ರಿಯೆ. ಅದೇ ವರ್ಷ ಫೆಲಿಸಿಟಾಸ್ ಗುಡ್‌ಮನ್ ಎಂಬ ಮಾನವಶಾಸ್ತ್ರಜ್ಞೆ ಬೇರೆ ಬೇರೆ ಭಾಷೆಯವರ ಅನ್ಯಭಾಷೆಯಲ್ಲಿ ಒಂದೇ ಬಗೆಯ ಲಯವನ್ನು ಗುರುತಿಸಿ, ಅದರ ಮೂಲ ಸಮಾಧಿಯಂಥ ಒಂದು ಸ್ಥಿತಿ ಎಂದರು. ಸಮರಿನ್ ಅದನ್ನು ಒಪ್ಪಲಿಲ್ಲ. ಎಚ್ಚರದ ಸ್ಥಿತಿಯಲ್ಲಿಯೇ, ಬೇಕೆಂದಾಗ ಆರಂಭಿಸಿ ಬೇಕೆಂದಾಗ ನಿಲ್ಲಿಸುವವರನ್ನು ಅವರು ಧಾರಾಳವಾಗಿ ಕಂಡಿದ್ದರು.

2006ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಂಡ್ರ್ಯೂ ನ್ಯೂಬರ್ಗ್ ತಂಡ ಐವರು ಮಹಿಳೆಯರ ಮಿದುಳಿನ ರಕ್ತಸಂಚಾರವನ್ನು ಚಿತ್ರಿಸಿತು. ಭಕ್ತಿಗೀತೆ ಹಾಡುವಾಗಿನ ಸ್ಥಿತಿಗೆ ಹೋಲಿಸಿದರೆ ಅನ್ಯಭಾಷೆ ಆಡುವಾಗ ಹಣೆಯ ಹಿಂದಿನ ಭಾಗದ, ಎಂದರೆ ಉದ್ದೇಶಪೂರ್ವಕ ನಿಯಂತ್ರಣದ ಭಾಗದ ಚಟುವಟಿಕೆ ತಗ್ಗಿತ್ತು. ಮಾತು ತಮ್ಮ ಹತೋಟಿಯಿಂದ ಬರುತ್ತಿಲ್ಲ ಎಂದು ಅವರು ಹೇಳುತ್ತಿದ್ದುದಕ್ಕೆ ಇದು ಹೊಂದುತ್ತದೆ. ಹಾಗಾದರೆ ಅದು ಯಾರ ಹತೋಟಿಯಿಂದ ಬರುತ್ತಿದೆ ಎಂಬುದನ್ನು ಯಾವ ಚಿತ್ರವೂ ಹೇಳದು. ಐವರ ಮೇಲಿನ ಅಧ್ಯಯನದಿಂದ ಸಭೆಗಳು ವಿಜ್ಞಾನದ ಮುದ್ರೆ ಸಿಕ್ಕಿತೆಂದು ಹಿಗ್ಗುವುದೂ, ನಾಸ್ತಿಕರು ದೇವರ ಕೆಲಸ ಮಿದುಳಿನ ಕೆಲಸವೆಂದು ಸಾಬೀತಾಯಿತು ಎನ್ನುವುದೂ ಸಮಾನ ತಪ್ಪು.

ಧ್ವನಿಯ ಪ್ರಶ್ನೆಗಿಂತ ಪಠ್ಯದ ಪ್ರಶ್ನೆ ಹೆಚ್ಚು ನೋಯಿಸುವಂಥದ್ದು. ಆರಂಭದ ಪೆಂಟಕೋಸ್ಟಲರಿಗೆ ಅತ್ಯಂತ ಪ್ರಿಯವಾದ ವಚನಗಳಲ್ಲಿ ಮಾರ್ಕನ ಸುವಾರ್ತೆಯ ಕೊನೆಯ ಭಾಗವೂ ಒಂದು. ಎದ್ದುಬಂದ ಯೇಸು ಅಲ್ಲಿ ನಂಬುವವರಿಗೆ ಕೆಲವು ಸೂಚಕಕಾರ್ಯಗಳನ್ನು ವಾಗ್ದಾನ ಮಾಡುತ್ತಾನೆ: ಅವರು ದೆವ್ವಗಳನ್ನು ಬಿಡಿಸುವರು, ಹೊಸ ಭಾಷೆಗಳಲ್ಲಿ ಮಾತನಾಡುವರು, ಹಾವುಗಳನ್ನು ಎತ್ತುವರು, ವಿಷ ಕುಡಿದರೂ ಕೇಡಾಗದು, ರೋಗಿಗಳ ಮೇಲೆ ಕೈಯಿಟ್ಟರೆ ಗುಣವಾಗುವರು. ಅನ್ಯಭಾಷೆಯ ವಾಗ್ದಾನ ಯೇಸುವಿನ ಬಾಯಿಂದಲೇ ಬರುವುದು ನಾಲ್ಕು ಸುವಾರ್ತೆಗಳಲ್ಲಿ ಇದೊಂದೇ ಕಡೆ. ಆದರೆ 16ನೆಯ ಅಧ್ಯಾಯದ 9ರಿಂದ 20ರವರೆಗಿನ ಈ ವಚನಗಳು ಲಭ್ಯವಿರುವ ಅತ್ಯಂತ ಹಳೆಯ ಎರಡು ಪೂರ್ಣ ಹಸ್ತಪ್ರತಿಗಳಲ್ಲಿ ಇಲ್ಲ. ಸೀನಾಯ್ ಬೆಟ್ಟದ ಮಠದಲ್ಲಿ ದೊರೆತ ಪ್ರತಿ, ರೋಮಿನ ವ್ಯಾಟಿಕನ್ ಗ್ರಂಥಾಲಯದ ಪ್ರತಿ, ಎರಡೂ 4ನೆಯ ಶತಮಾನದವು. ಎರಡರಲ್ಲೂ ಮಾರ್ಕನ ಸುವಾರ್ತೆ 8ನೆಯ ವಚನದಲ್ಲಿ, ಬರಿದಾದ ಸಮಾಧಿಯಿಂದ ಹೆಂಗಸರು ಹೆದರಿ ಓಡುವಲ್ಲಿಗೆ ನಿಲ್ಲುತ್ತದೆ. ತಮ್ಮ ಕಾಲದ ಬಹುಪಾಲು ಗ್ರೀಕ್ ಪ್ರತಿಗಳಲ್ಲಿ ಮುಂದಿನ ಭಾಗ ಇರಲಿಲ್ಲವೆಂದು ಯೂಸೇಬಿಯಸ್ ಮತ್ತು ಜೆರೋಮ್ ಎಂಬ ಪ್ರಾಚೀನ ವಿದ್ವಾಂಸರೂ ಗುರುತಿಸಿದ್ದರು. ಶೈಲಿ ಬೇರೆ, ಶಬ್ದಗಳು ಬೇರೆ, ಕಥೆಯ ಕೊಂಡಿಯೂ ಸರಿಯಾಗಿ ಕೂಡುವುದಿಲ್ಲ. ಇದು ಮಾರ್ಕನ ಬರಹವಲ್ಲ, 2ನೆಯ ಶತಮಾನದಲ್ಲಿ ಬೇರೊಬ್ಬರು ಇತರ ಸುವಾರ್ತೆಗಳನ್ನು ಬಳಸಿ ಸೇರಿಸಿದ್ದು ಎಂಬುದು ಇಂದು ಬಹುತೇಕ ತಜ್ಞರ ಅಭಿಪ್ರಾಯ.

ಓದುಬರಹ ಕಡಿಮೆಯಿದ್ದ ವಿಶ್ವಾಸಿಗೆ ಈ ಸುದ್ದಿ ಹೇಗೆ ಮುಟ್ಟೀತು ಎಂದು ಯೋಚಿಸಬೇಕು. ಅವಳು ಆ ವಚನ ಹಿಡಿದು ಪ್ರಾರ್ಥಿಸಿದ್ದಾಳೆ, ಮಗುವಿನ ಜ್ವರ ಇಳಿದಿದೆ. ಅಂಥವಳ ಮುಂದೆ ಬಂದು ಆ ವಚನ ಮೂಲದಲ್ಲಿರಲಿಲ್ಲ ಎನ್ನುವುದು ಬರೀ ಗ್ರಂಥಶೋಧನೆಯ ಮಾತಾಗಿ ಉಳಿಯುವುದಿಲ್ಲ. ದೇವರು ಸುಳ್ಳು ವಚನಕ್ಕೆ ಉತ್ತರ ಕೊಟ್ಟನೇ ಎಂಬ ಪ್ರಶ್ನೆ ಅದರ ಬೆನ್ನಿಗೇ ಇದೆ. ಹಾಗೆಂದು ಸತ್ಯವನ್ನು ಹೇಳದೆ ಇರುವುದೂ ಸಲ್ಲದು, ಏಕೆಂದರೆ ಇಲ್ಲಿ ಜೀವದ ಬೆಲೆಯೂ ಇದೆ. ಅಮೆರಿಕದ ಅಪಲೇಚಿಯನ್ ಬೆಟ್ಟಗಳ ಕೆಲವು ಸಭೆಗಳು ಇದೇ ವಚನಗಳನ್ನು ಅಕ್ಷರಶಃ ಪಾಲಿಸಿ ಆರಾಧನೆಯಲ್ಲಿ ವಿಷದ ಹಾವುಗಳನ್ನು ಕೈಗೆತ್ತಿಕೊಂಡವು. ಆ ಪದ್ಧತಿಯನ್ನು ಹರಡಿದ ಜಾರ್ಜ್ ವೆಂಟ್ ಹೆನ್ಸ್ಲಿ 1955ರಲ್ಲಿ ಫ್ಲಾರಿಡಾದಲ್ಲಿ ಹಾವು ಕಚ್ಚಿಯೇ ಸತ್ತರು. ಅವರ ನಂತರವೂ ಹಲವರು ಹಾಗೆ ಸತ್ತಿದ್ದಾರೆ. ದೊಡ್ಡ ಪೆಂಟಕೋಸ್ಟಲ್ ಸಭೆಗಳು ಈ ಆಚರಣೆಯನ್ನು ಬಹಳ ಹಿಂದೆಯೇ ತಳ್ಳಿಹಾಕಿದವು. ಆದರೆ ಒಂದೇ ಭಾಗದಲ್ಲಿರುವ ಭಾಷೆಯ ವಾಗ್ದಾನವನ್ನು ಒಪ್ಪಿ ಹಾವಿನ ವಾಗ್ದಾನವನ್ನು ಬಿಡುವುದು ಯಾವ ನ್ಯಾಯ ಎಂಬ ಬೆಟ್ಟದವರ ಪ್ರಶ್ನೆಗೆ ಅವುಗಳ ಬಳಿ ಸುಲಭದ ಉತ್ತರ ಇರಲಿಲ್ಲ. ಹಸ್ತಪ್ರತಿ ತಜ್ಞರ ಬಳಿ ಇತ್ತು.

ಪೆಂಟಕೋಸ್ಟಲ್ ವಿದ್ವಾಂಸರು ಇಲ್ಲಿ ತೋರಿದ ದಾರಿ ಎರಡು ಬಗೆಯದು. ಅನ್ಯಭಾಷೆಯ ನಂಬಿಕೆ ಮಾರ್ಕನ ಮೇಲೆ ನಿಂತಿಲ್ಲ, ಅಪೊಸ್ತಲರ ಕೃತ್ಯಗಳ 2, 10, 19ನೆಯ ಅಧ್ಯಾಯಗಳ ಮೇಲೂ ಕೊರಿಂಥದ ಪತ್ರಿಕೆಯ ಮೇಲೂ ನಿಂತಿದೆ ಎಂಬುದು ಒಂದು. ಅನ್ಯಭಾಷೆಯ ಕುರಿತ ಆ ಭಾಗಗಳ ವಿಷಯದಲ್ಲಿ ಹಸ್ತಪ್ರತಿಗಳು ಇಂಥ ಅನುಮಾನ ಹುಟ್ಟಿಸುವುದಿಲ್ಲ. ಇನ್ನೊಂದು, ಮಾರ್ಕನ ಸುವಾರ್ತೆಯ ಈ ಅಂತ್ಯ ಅವನದಲ್ಲದಿದ್ದರೂ ಅದು ಬಹು ಹಳೆಯದು, ಸುಮಾರು 180ರಲ್ಲಿ ಕ್ರೈಸ್ತ ಬರಹಗಾರ ಐರೇನಿಯಸ್ ಅದನ್ನು ಉದ್ಧರಿಸುತ್ತಾನೆ, ಆದ್ದರಿಂದ 2ನೆಯ ಶತಮಾನದ ಕ್ರೈಸ್ತರು ಅಂಥ ಕಾರ್ಯಗಳನ್ನು ನಿರೀಕ್ಷಿಸುತ್ತಿದ್ದರು ಎನ್ನುವುದಕ್ಕಾದರೂ ಅದು ಸಾಕ್ಷಿ. ಎರಡನೆಯ ವಾದ ಇತಿಹಾಸದ ದೃಷ್ಟಿಯಿಂದ ಗಟ್ಟಿಯಾದದ್ದೇ. ಆದರೆ ಯೇಸುವಿನ ಮಾತು ಎಂಬ ಅಧಿಕಾರವನ್ನು ಅದು ಮರಳಿ ಕೊಡುವುದಿಲ್ಲ.

ವಾದ ನಿಜವಾಗಿ ಫಲ ಕೊಟ್ಟದ್ದು ಅಪೊಸ್ತಲರ ಕೃತ್ಯಗಳನ್ನು ಬರೆದ ಸುವಾರ್ತಾಕಾರ ಲೂಕನ ವಿಷಯದಲ್ಲಿ. 1970ರಲ್ಲಿ ಬ್ರಿಟನ್ನಿನ ಜೇಮ್ಸ್ ಡನ್ ಪವಿತ್ರಾತ್ಮ ದೀಕ್ಷಾಸ್ನಾನದ ಬಗ್ಗೆ ಒಂದು ಪುಸ್ತಕ ಬರೆದರು. ನಂಬಿಕೆಗೆ ಬಂದ ಮೇಲೆ ದೊರಕುವ ಎರಡನೆಯ ಅನುಭವವೇ ಆತ್ಮದ ದೀಕ್ಷಾಸ್ನಾನ ಎಂಬ ಪೆಂಟಕೋಸ್ಟಲ್ ಬೋಧನೆಗೆ ಹೊಸ ಒಡಂಬಡಿಕೆಯಲ್ಲಿ ಆಧಾರವಿಲ್ಲ, ಒಬ್ಬನನ್ನು ಕ್ರೈಸ್ತನನ್ನಾಗಿ ಮಾಡುವುದೇ ಆತ್ಮದ ಆ ಬರವು ಎಂಬುದು ಅವರ ವಾದ. ಪೌಲನ ಪತ್ರಿಕೆಗಳನ್ನು ಮುಂದಿಟ್ಟುಕೊಂಡರೆ ಡನ್ ವಾದವನ್ನು ಅಲುಗಿಸುವುದು ಕಷ್ಟ. ಉತ್ತರ ಬಂದದ್ದು 1984ರಲ್ಲಿ, ಕೆನಡಾದ ಪೆಂಟಕೋಸ್ಟಲ್ ವಿದ್ವಾಂಸ ರಾಜರ್ ಸ್ಟ್ರಾನ್‌ಸ್ಟಾಡ್ ಅವರಿಂದ. ಲೂಕನನ್ನು ಪೌಲನ ಕನ್ನಡಕದಲ್ಲಿ ಓದುವುದೇ ತಪ್ಪು ಎಂದು ಅವರು ಹೇಳಿದರು. ಲೂಕ ಬರೀ ಘಟನೆಗಳ ದಾಖಲೆಗಾರನಲ್ಲ, ತನ್ನದೇ ವಿಚಾರವಿರುವ ದೇವಶಾಸ್ತ್ರಜ್ಞ. ಅವನ ಬರಹದಲ್ಲಿ ಆತ್ಮ ಬರುವುದು ಹಳೆಯ ಒಡಂಬಡಿಕೆಯ ಪ್ರವಾದಿಗಳ ಮೇಲೆ ಬಂದಂತೆ, ಸಾಕ್ಷಿ ನುಡಿಯುವ ಬಲಕ್ಕಾಗಿ. ರಕ್ಷಣೆಯ ಪ್ರಶ್ನೆ ಅಲ್ಲಿ ಬೇರೆ. ರಾಬರ್ಟ್ ಮೆನ್ಸೀಸ್ ಮುಂದೆ ಈ ವಾದವನ್ನು ಇನ್ನಷ್ಟು ಬಿಗಿಗೊಳಿಸಿದರು.

ಇಲ್ಲಿ ಗಮನಿಸಬೇಕಾದದ್ದು ಸ್ಟ್ರಾನ್‌ಸ್ಟಾಡ್ ಕೈಗೆತ್ತಿಕೊಂಡ ಉಪಕರಣ. ಒಬ್ಬೊಬ್ಬ ಸುವಾರ್ತಾಕಾರನೂ ತನ್ನ ಉದ್ದೇಶಕ್ಕೆ ತಕ್ಕಂತೆ ಆಕರಗಳನ್ನು ತಿದ್ದಿ ಜೋಡಿಸಿದ್ದಾನೆ, ಆದ್ದರಿಂದ ಪ್ರತಿಯೊಬ್ಬನನ್ನೂ ಪ್ರತ್ಯೇಕ ಚಿಂತಕನೆಂದು ಓದಬೇಕು ಎಂಬ ವಿಧಾನವನ್ನು ಬೆಳೆಸಿದವರು ಹಾನ್ಸ್ ಕಾನ್‌ಸೆಲ್ಮನ್ ಮೊದಲಾದ ಜರ್ಮನ್ ವಿಮರ್ಶಕರು. ಸಭೆಗಳ ಬೋಧಕರು ಯಾವ ಪದ್ಧತಿಯನ್ನು ವಿಶ್ವಾಸದ ಶತ್ರು ಎಂದು ಜರಿದರೋ ಅದೇ ಪದ್ಧತಿ ಪೆಂಟಕೋಸ್ಟಲ್ ಸಿದ್ಧಾಂತಕ್ಕೆ ಅದರ ಅತ್ಯಂತ ಗಟ್ಟಿ ಸಮರ್ಥನೆಯನ್ನು ಕೊಟ್ಟಿತು. ಡನ್ ಒಪ್ಪಲಿಲ್ಲ. ಆದರೆ 1992ರಲ್ಲಿ ಆರಂಭವಾದ ‘ಜರ್ನಲ್ ಆಫ್ ಪೆಂಟಕೋಸ್ಟಲ್ ಥಿಯಾಲಜಿ’ಯ ಪುಟಗಳಲ್ಲಿ ಅವರೇ ತಮ್ಮ ಟೀಕಾಕಾರರಿಗೆ ದೀರ್ಘವಾಗಿ ಉತ್ತರ ಬರೆದರು. ಎರಡು ಕಡೆಯವರೂ ಒಬ್ಬರನ್ನೊಬ್ಬರು ಗಂಭೀರವಾಗಿ ಓದಿದ ಅಪರೂಪದ ಚರ್ಚೆಯಿದು.

ಒಳಗಿದ್ದುಕೊಂಡೇ ಪ್ರಶ್ನೆ ಕೇಳಿದವರ ಪಾಡು ಇನ್ನೂ ಕಠಿಣ. ‘ಅಸೆಂಬ್ಲೀಸ್ ಆಫ್ ಗಾಡ್’ 1914ರಲ್ಲಿ ಆರ್ಕನ್ಸಾ ರಾಜ್ಯದ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಸ್ಥಾಪನೆಯಾಯಿತು, 1916ರಲ್ಲಿ ತನ್ನ ವಿಶ್ವಾಸಸೂತ್ರಗಳನ್ನು ಅಂಗೀಕರಿಸಿತು. ಅನ್ಯಭಾಷೆಯೇ ಆತ್ಮ ದೀಕ್ಷಾಸ್ನಾನದ ಮೊದಲ ಬಾಹ್ಯ ಗುರುತು ಎಂಬುದು ಅವುಗಳಲ್ಲೊಂದು. ಹೆಸರಾಂತ ಬೋಧಕ ಎಫ್. ಎಫ್. ಬಾಸ್ವರ್ತ್ ಅನ್ಯಭಾಷೆ ಹಲವು ಗುರುತುಗಳಲ್ಲಿ ಒಂದು ಮಾತ್ರ ಎಂದು ಬೈಬಲ್ ಓದಿಯೇ ತೀರ್ಮಾನಿಸಿ 1918ರಲ್ಲಿ ಹೊರನಡೆದರು. ಗೋರ್ಡನ್ ಫೀ ಹೊರನಡೆಯಲಿಲ್ಲ. 1934ರಲ್ಲಿ ಪಾಸ್ಟರ್ ಒಬ್ಬರ ಮಗನಾಗಿ ಹುಟ್ಟಿ ಅದೇ ಸಭೆಯ ಬೋಧಕರಾದ ಫೀ, ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಗ್ರೀಕ್ ಹಸ್ತಪ್ರತಿಗಳ ಅಧ್ಯಯನದಲ್ಲಿ ಜಗತ್ತಿನ ಮುಂಚೂಣಿಗೆ ಬಂದರು. ಕಥೆಯೊಂದರಲ್ಲಿ ಹೀಗೆ ನಡೆಯಿತು ಎಂದಿದ್ದರೆ ಎಲ್ಲರಿಗೂ ಎಲ್ಲ ಕಾಲಕ್ಕೂ ಹೀಗೆಯೇ ನಡೆಯಬೇಕು ಎಂದು ಅರ್ಥವಾಗದು ಎಂಬ ಸರಳ ನಿಯಮವನ್ನು ಮುಂದಿಟ್ಟು, ತಮ್ಮ ಸಭೆಯ ಸೂತ್ರಕ್ಕೆ ಅಪೊಸ್ತಲರ ಕೃತ್ಯಗಳು ಸಾಲುವಷ್ಟು ಆಧಾರ ಕೊಡುವುದಿಲ್ಲ ಎಂದು ಬರೆದರು. ಅದೇ ಉಸಿರಿನಲ್ಲಿ, ಆತ್ಮದ ವರಗಳು ಅಪೊಸ್ತಲರ ಕಾಲಕ್ಕೇ ಮುಗಿದವು ಎನ್ನುವ ಇತರ ಸಭೆಗಳ ವಾದವನ್ನೂ ನಿರಾಕರಿಸಿದರು. ಪೌಲನ ಬರಹದಲ್ಲಿ ಆತ್ಮದ ಸ್ಥಾನವೇನು ಎಂಬುದರ ಮೇಲೆ 1994ರಲ್ಲಿ ಅವರು ಬರೆದ ಬೃಹತ್ ಗ್ರಂಥವನ್ನು ಎಲ್ಲ ಪಂಥದವರೂ ಓದುತ್ತಾರೆ.

ಫೀ ಅವರ ಪಾಂಡಿತ್ಯ ಸಭೆಗೆ ಕೊಟ್ಟ ಕಾಣಿಕೆಯೂ ಇದೆ. ಸಭೆಯಲ್ಲಿ ಹೆಂಗಸರು ಮೌನವಾಗಿರಬೇಕು ಎಂಬ ಆಜ್ಞೆ ಕೊರಿಂಥದ ಮೊದಲ ಪತ್ರಿಕೆಯ 14ನೆಯ ಅಧ್ಯಾಯದ 34 ಮತ್ತು 35ನೆಯ ವಚನಗಳಲ್ಲಿದೆ. ಪೆಂಟಕೋಸ್ಟಲ್ ಸಭೆಗಳಲ್ಲಿ ಮೊದಲಿಂದಲೂ ಹೆಂಗಸರು ಪ್ರವಾದಿಸಿದ್ದಾರೆ, ಬೋಧಿಸಿದ್ದಾರೆ. ಲಾಸ್ ಏಂಜಲೀಸ್‌ನಲ್ಲಿ 1923ರಲ್ಲಿ ಏಂಜಲಸ್ ಟೆಂಪಲ್ ಎಂಬ ಬೃಹತ್ ಆಲಯ ತೆರೆದ ಏಮಿ ಸೆಂಪಲ್ ಮೆಕ್‌ಫರ್ಸನ್ ಅದರ ದೊಡ್ಡ ಉದಾಹರಣೆ. ಅವರನ್ನೆಲ್ಲ ಈ ಎರಡು ವಚನಗಳಿಂದ ಇತರರು ಚುಚ್ಚುತ್ತಲೇ ಬಂದಿದ್ದರು. ಕೆಲವು ಹಸ್ತಪ್ರತಿಗಳಲ್ಲಿ ಈ ವಚನಗಳು ಅಧ್ಯಾಯದ ಕೊನೆಗೆ ಸರಿದಿರುವುದನ್ನು ಆಧರಿಸಿ, ಇವು ಪೌಲನವಲ್ಲ, ಅಂಚಿನಲ್ಲಿ ಯಾರೋ ಬರೆದ ಟಿಪ್ಪಣಿ ಒಳಗೆ ಸೇರಿಕೊಂಡಿದೆ ಎಂದು 1987ರ ತಮ್ಮ ವ್ಯಾಖ್ಯಾನದಲ್ಲಿ ಫೀ ವಾದಿಸಿದರು. ಎಲ್ಲ ತಜ್ಞರೂ ಇದನ್ನು ಒಪ್ಪಿಲ್ಲ. ಆದರೆ ಮಾರ್ಕನ ಸುವಾರ್ತೆಯ ಅಂತ್ಯವನ್ನು ಕಿತ್ತುಕೊಂಡ ವಿದ್ಯೆಯೇ ಸಭೆಯ ಹೆಣ್ಣುಮಕ್ಕಳಿಗೆ ಬಾಯಿ ಕೊಡುವ ವಾದವನ್ನೂ ಹುಟ್ಟಿಸಿತು. ಹಸ್ತಪ್ರತಿ ವಿದ್ಯೆ ಯಾರ ಪಕ್ಷವೂ ಅಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಪ್ರಾರ್ಥನೆಯಿಂದ ದೊರಕುವ ಸ್ವಸ್ಥತೆಯ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. 2006ರಲ್ಲಿ ಹರ್ಬರ್ಟ್ ಬೆನ್ಸನ್ ತಂಡ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1802 ರೋಗಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ ದೂರದವರ ಪ್ರಾರ್ಥನೆಯಿಂದ ಯಾವ ಲಾಭವೂ ಕಾಣಲಿಲ್ಲ. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆ ಎಂದು ತಿಳಿದಿದ್ದವರಲ್ಲಿ ತೊಡಕುಗಳು ಸ್ವಲ್ಪ ಹೆಚ್ಚೇ ಆದವು. ಪೆಂಟಕೋಸ್ಟಲರು ಪ್ರಾರ್ಥಿಸುವ ರೀತಿಯೇ ಇದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಅವರು ರೋಗಿಯ ಬಳಿ ನಿಂತು, ತಲೆಯ ಮೇಲೆ ಕೈಯಿಟ್ಟು, ಗಟ್ಟಿಯಾಗಿ ಬೇಡುತ್ತಾರೆ. ಕ್ಯಾಂಡಿ ಗುಂಥರ್ ಬ್ರೌನ್ ಮತ್ತು ಸಂಗಡಿಗರು ಮೊಜಾಂಬಿಕ್‌ನಲ್ಲಿ ಅಂಥ ಪ್ರಾರ್ಥನೆಯ ಮೊದಲೂ ನಂತರವೂ 24 ಜನರ ಕೇಳುವ ಮತ್ತು ನೋಡುವ ಶಕ್ತಿಯನ್ನು ಅಳೆದು, ಗಮನಾರ್ಹ ಸುಧಾರಣೆ ಕಂಡಿತೆಂದು 2010ರಲ್ಲಿ ಪ್ರಕಟಿಸಿದರು. ಹೋಲಿಕೆಗೆ ಪ್ರಾರ್ಥನೆ ಪಡೆಯದ ಗುಂಪು ಇರಲಿಲ್ಲ, ಜನಸಂಖ್ಯೆ ಕಡಿಮೆ, ಸದ್ದುಗದ್ದಲದ ಬಯಲಿನಲ್ಲಿ ಅಳತೆ ನಡೆದಿತ್ತು ಎಂದು ಟೀಕಾಕಾರರು ತೋರಿಸಿದರು. ಆ ಟೀಕೆ ಸರಿಯೇ. ಔಷಧಿ ಬಿಟ್ಟು ಪ್ರಾರ್ಥನೆಯನ್ನಷ್ಟೇ ನಂಬಿ ಎನ್ನುವ ಬೋಧಕರಿಗೆ ಈ ಯಾವ ಅಧ್ಯಯನವೂ ಬೆಂಬಲ ಕೊಡುವುದಿಲ್ಲ, ಅಂಥ ಬೋಧನೆಯಿಂದ ಜೀವ ಕಳೆದುಕೊಂಡವರಿದ್ದಾರೆ.

ಚಳವಳಿಯ ಸಾಮಾಜಿಕ ನೆಲೆಯ ಬಗ್ಗೆ ವಿದ್ವಾಂಸರು ತಮ್ಮ ತೀರ್ಮಾನಗಳನ್ನು ತಿದ್ದಿಕೊಂಡದ್ದನ್ನೂ ಹೇಳಬೇಕು. 1979ರಲ್ಲಿ ರಾಬರ್ಟ್ ಮೇಪ್ಸ್ ಆಂಡರ್ಸನ್ ಈ ಚಳವಳಿಯನ್ನು ಎಲ್ಲ ಕಳೆದುಕೊಂಡವರ ಕನಸು ಎಂದು ವಿವರಿಸಿದರು. ಪೆಂಟಕೋಸ್ಟಲ್ ಮನೆಯಲ್ಲಿಯೇ ಬೆಳೆದ ಇತಿಹಾಸಕಾರ ಗ್ರ್ಯಾಂಟ್ ವೇಕರ್ 2001ರಲ್ಲಿ, ಆರಂಭದ ವಿಶ್ವಾಸಿಗಳ ಸ್ಥಿತಿಗತಿ ಆ ಕಾಲದ ಸಾಮಾನ್ಯ ಅಮೆರಿಕನ್ನರದಕ್ಕಿಂತ ಅಷ್ಟೇನೂ ಬೇರೆಯಿರಲಿಲ್ಲ ಎಂದು ತೋರಿಸಿದರು. ಹಾರ್ವರ್ಡ್‌ನ ಹಾರ್ವಿ ಕಾಕ್ಸ್ 1965ರಲ್ಲಿ ಧರ್ಮದ ಹಿಡಿತ ಸಡಿಲಿದ ನಗರಗಳ ಕಾಲ ಬಂದಿದೆ ಎಂದು ಬರೆದು ಜಗತ್ಪ್ರಸಿದ್ಧರಾದವರು. ಮೂವತ್ತು ವರ್ಷಗಳ ನಂತರ, 1995ರಲ್ಲಿ, ಅವೇ ನಗರಗಳ ಬೀದಿಗಳಲ್ಲಿ ಪೆಂಟಕೋಸ್ಟಲ್ ಸಭೆಗಳು ತುಂಬಿ ತುಳುಕುವುದನ್ನು ಕಂಡು, ತಮ್ಮ ಹಳೆಯ ಎಣಿಕೆ ಮರುಪರಿಶೀಲನೆ ಬೇಡುತ್ತದೆಂದು ಒಪ್ಪಿ ಇನ್ನೊಂದು ಪುಸ್ತಕವನ್ನೇ ಬರೆದರು.

ಇತಿಹಾಸದ ಕ್ಷೇತ್ರದಲ್ಲಿ ಸಭೆಗಳು ವಿದ್ವಾಂಸರಿಗೆ ಹೆಚ್ಚು ಋಣಿ. ಬಿಳಿಯರ ಸಭೆಗಳು ಬರೆದುಕೊಂಡ ಹಳೆಯ ಚರಿತ್ರೆಗಳಲ್ಲಿ ಪಾರ್ಹಮ್ ಮುಂದೆ, ಸೀಮೋರ್ ಹಿಂದೆ. 1906ರ ಅಕ್ಟೋಬರ್‌ನಲ್ಲಿ ಅಜೂಸಾಕ್ಕೆ ಬಂದ ಪಾರ್ಹಮ್, ಕರಿಯರು ಬಿಳಿಯರು ಒಟ್ಟಿಗೆ ಪ್ರಾರ್ಥಿಸುವುದನ್ನು ನೋಡಿ ಸಹಿಸಲಾರದೆ ಹಳಿದರು ಎಂಬ ಸಂಗತಿಯೂ ಮರೆಗೆ ಸರಿದಿತ್ತು. ಸ್ವಿಟ್ಜರ್ಲೆಂಡಿನಲ್ಲಿ ಪೆಂಟಕೋಸ್ಟಲ್ ಬೋಧಕರಾಗಿದ್ದು ಆಮೇಲೆ ವಿಶ್ವವಿದ್ಯಾಲಯ ಸೇರಿದ ವಾಲ್ಟರ್ ಹಾಲೆನ್‌ವೆಗರ್ 1966ರಲ್ಲಿ ಜೂರಿಕ್‌ನಲ್ಲಿ ಹತ್ತು ಸಂಪುಟಗಳ ಪ್ರಬಂಧ ಸಲ್ಲಿಸಿ, ಈ ಪಂಥದ ಬೇರು ಕರಿಯ ಜನರ ಮೌಖಿಕ ಪರಂಪರೆಯಲ್ಲಿದೆ ಎಂದು ಮುಂದೆ ಒತ್ತಿ ಹೇಳಿದರು. ಹಾಡು, ಕಥೆ, ಸಾಕ್ಷಿ, ಕನಸು ಇವೂ ದೇವಶಾಸ್ತ್ರವೇ, ಪುಸ್ತಕದ ವಾದವಷ್ಟೇ ಅಲ್ಲ ಎಂಬುದು ಅವರ ನಿಲುವು. ಸೀಮೋರ್ ಇಂದು ಚಳವಳಿಯ ಮೂಲಪುರುಷನೆಂದು ಎಲ್ಲೆಡೆ ಸ್ಮರಣೆಯಾಗುತ್ತಿದ್ದರೆ ಅದರಲ್ಲಿ ಹಾಲೆನ್‌ವೆಗರ್, ಸೆಸಿಲ್ ರೋಬೆಕ್ ಮೊದಲಾದವರ ದುಡಿಮೆಯಿದೆ.

ಚಳವಳಿಯ ಮೂಲ ಅಮೆರಿಕದಲ್ಲೇ ಇದೆ ಎಂಬ ಮಾತೂ ಈಗ ಪ್ರಶ್ನೆಗೊಳಗಾಗಿದೆ. 1860ರಲ್ಲಿಯೇ ತಿರುನೆಲ್ವೇಲಿ ಸೀಮೆಯಲ್ಲಿ ಜಾನ್ ಕ್ರಿಶ್ಚಿಯನ್ ಅರುಳಪ್ಪನ್ ನಡೆಸಿದ ಉಜ್ಜೀವನದಲ್ಲಿ ಅನ್ಯಭಾಷೆ, ಪ್ರವಾದನೆಗಳು ಕಾಣಿಸಿಕೊಂಡ ವರದಿಗಳಿವೆ. 1905ರಲ್ಲಿ, ಅಜೂಸಾಕ್ಕಿಂತ ಒಂದು ವರ್ಷ ಮೊದಲು, ಪುಣೆಯ ಬಳಿಯ ಕೇಡಗಾಂವದ ಮುಕ್ತಿ ಮಿಷನ್‌ನಲ್ಲಿ ದೊಡ್ಡ ಉಜ್ಜೀವನ ನಡೆಯಿತು. ಅಲ್ಲಿದ್ದ ಅಮೆರಿಕದ ಮಿನ್ನಿ ಏಬ್ರಮ್ಸ್ ಅದರ ಬಗ್ಗೆ ಬರೆದ ಪುಸ್ತಕ ಚಿಲಿ ದೇಶದಲ್ಲಿದ್ದ ಗೆಳತಿಯ ಕೈ ಸೇರಿ, 1909ರ ಅಲ್ಲಿನ ಪೆಂಟಕೋಸ್ಟಲ್ ಚಳವಳಿಗೆ ಕಿಡಿಯಾಯಿತು. ದಕ್ಷಿಣ ಭಾರತದ ಪೆಂಟಕೋಸ್ಟಲರ ಬಗ್ಗೆ ಪಾಸ್ಟರುಗಳನ್ನು ಸಂದರ್ಶಿಸಿ ಗ್ರಂಥ ಬರೆದ ಜರ್ಮನಿಯ ಮಿಖಾಯೆಲ್ ಬೆರ್ಗುಂಡರ್, ಆರಂಭದಿಂದಲೇ ಹಲವು ದೇಶಗಳ ನಡುವೆ ಹೆಣೆದುಕೊಂಡ ಜಾಲವಾಗಿ ಈ ಚಳವಳಿಯನ್ನು ನೋಡಬೇಕು ಎನ್ನುತ್ತಾರೆ.

ಮುಕ್ತಿ ಮಿಷನ್ ಕಟ್ಟಿದ ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು, ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿದವರು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ರಮಾಬಾಯಿಯವರನ್ನು ಪರೀಕ್ಷಿಸಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. ಮುಂದೆ ಕ್ರೈಸ್ತರಾದ ಅವರು ತಮ್ಮ ಆಶ್ರಮದ ಹುಡುಗಿಯರ ಆತ್ಮಾನುಭವವನ್ನು ಹೊರಗಿನ ಟೀಕೆಯಿಂದ ಕಾಪಾಡಿದರು. ಆದರೆ ಅನ್ಯಭಾಷೆಯೇ ಏಕೈಕ ಗುರುತು ಎಂಬ ಸೂತ್ರವನ್ನು ಒಪ್ಪಲಿಲ್ಲ. ಅದೇ ವರ್ಷಗಳಲ್ಲಿ ಹೀಬ್ರೂ, ಗ್ರೀಕ್ ಕಲಿತು, ಬಡ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಇಡೀ ಬೈಬಲ್ಲನ್ನು ಮೂಲದಿಂದ ಅನುವಾದಿಸಲು ಕುಳಿತರು. ಅನುವಾದ ಮುಗಿಸಿ 1922ರಲ್ಲಿ ತೀರಿಕೊಂಡರು. ಪುಸ್ತಕ 1924ರಲ್ಲಿ ಹೊರಬಂತು.